ಬೀಗದ ಕೈ ಯಾರ ಹತ್ತಿರ?

ಜುಲೈ ತಿಂಗಳಲ್ಲಿ ನಮ್ಮ ಉತ್ತರ ಕನ್ನಡದ ಕಡೆ ಬೆಳಿಗ್ಗೆ ಎದ್ದ ಕೂಡಲೇ ಎಲ್ಲರ ಮನೆಯಲ್ಲೂ ಒಂದೇ ಕೆಲಸ. ಮೊಬೈಲ್ ನೋಡುವುದು. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದಾರೋ ಇಲ್ಲವೋ. ಅಂಕೋಲೆ ಪೇಟೆಯಲ್ಲಿ ಇರುವವರಿಗೆ ಸುದ್ದಿ ಕೂಡಲೇ ಸಿಗುತ್ತದೆ. ನಾನು ಕಲಿಸುತ್ತಿದ್ದ ಊರಿನಲ್ಲಿ ನೆಟ್‌ವರ್ಕ್ ಇರಲಿಲ್ಲ. ಹಾಗಾಗಿ ರಜೆ ಇದ್ದ ದಿನವೂ ಏಳೆಂಟು ಮಕ್ಕಳು ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಬಂದೇಬಿಡುತ್ತಿದ್ದವು.

ಅವರಿಗೆ ಬಾಗಿಲು ತೆಗೆಯುತ್ತಿದ್ದವರು ಮಾಸ್ತರಲ್ಲ, ನಾನೂ ಅಲ್ಲ. ನಾವಿಬ್ಬರೂ ಅಂಕೋಲೆಯಿಂದ ಒಂದು ತಾಸಿನ ಬಸ್ಸು ಹತ್ತಿ ಬರಬೇಕಿತ್ತು. ಹಳ್ಳ ತುಂಬಿದರೆ ಬಸ್ಸು ಅರ್ಧಕ್ಕೇ ನಿಲ್ಲುತ್ತಿತ್ತು. ಬಾಗಿಲು ತೆಗೆಯುತ್ತಿದ್ದವರು ಬಿಸಿಯೂಟದ ಅಡುಗೆ ಅಕ್ಕ. ಶಾಲೆಯ ಬೀಗದ ಕೈ ಅವರ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಇರುತ್ತಿತ್ತು.

ಒಂದು ದಿನ ನಾನು ಎರಡು ಮೈಲಿ ನಡೆದು, ಒದ್ದೆಯಾಗಿ, ಹನ್ನೊಂದು ಗಂಟೆಗೆ ಶಾಲೆ ಮುಟ್ಟಿದೆ. ಒಳಗಿಂದ ಮಗ್ಗಿ ಕೇಳುತ್ತಿತ್ತು. ಮಕ್ಕಳು ಒಲೆಯ ಹತ್ತಿರ ಅರ್ಧ ಸುತ್ತು ಕೂತಿದ್ದರು. ಅಡುಗೆ ಅಕ್ಕ ಬೇಳೆಗೆ ಸೌಟು ಆಡಿಸುತ್ತಾ ಮೂರರ ಮಗ್ಗಿ ಹೇಳಿಸುತ್ತಿದ್ದರು. ನನ್ನನ್ನು ನೋಡಿ ಸ್ವಲ್ಪ ನಾಚಿದರು. "ಬಸ್ಸು ಬರ್ಲಿಲ್ಲ ಅಂತ ಗೊತ್ತಾಯ್ತು ಅಕ್ಕೋರೆ. ಸುಮ್ನೆ ಕೂತ್ರೆ ಗಲಾಟೆ ಮಾಡ್ತವೆ. ನಂಗೆ ಬರೋದು ಅಷ್ಟೇಯ," ಅಂದರು.

ಅವರು ಓದಿದ್ದು ಏಳನೇ ಇಯತ್ತೆ. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ, ಯಾರ ಅಪ್ಪ ಬೋಟಿಗೆ ಹೋಗಿ ತಿಂಗಳಾಯಿತು, ಯಾವ ಹುಡುಗಿಗೆ ಬೋರ್ಡು ಕಾಣುವುದಿಲ್ಲ, ಎಲ್ಲ ಅವರಿಗೆ ಗೊತ್ತಿತ್ತು. ಆ ಬೋರ್ಡು ಕಾಣದ ಹುಡುಗಿಯನ್ನು ನಾನು ಮೂರು ತಿಂಗಳು ದಡ್ಡಿ ಅಂದುಕೊಂಡಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

*

ನಾನು 2017ರಿಂದ 2020ರವರೆಗೆ ಆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ತಿಂಗಳಿಗೆ 7,500 ರೂಪಾಯಿ. ಅದಕ್ಕೆ ಪಗಾರ ಅನ್ನುವ ಹಾಗಿರಲಿಲ್ಲ, ಗೌರವಧನ ಅನ್ನಬೇಕು. ಗೌರವ ತಿಂಗಳು ತಿಂಗಳು ಸಿಗುತ್ತಿತ್ತು, ಧನ ಮೂರು ತಿಂಗಳಿಗೊಮ್ಮೆ. ವರ್ಷಕ್ಕೆ ಹತ್ತು ತಿಂಗಳ ಲೆಕ್ಕ. ಏಪ್ರಿಲ್‌ನಲ್ಲಿ ಮಕ್ಕಳ ಫಲಿತಾಂಶ ಓದಿದ ದಿನವೇ ನಮ್ಮ ಕೆಲಸವೂ ಮುಗಿಯುತ್ತಿತ್ತು. ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಅಂಕಪಟ್ಟಿಯ ಜೆರಾಕ್ಸ್, ಮತ್ತೆ ಕಾಯುವುದು. ಮೂರು ವರ್ಷ ಅದೇ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ಪ್ರತಿ ಜೂನ್‌ನಲ್ಲೂ ಹೊಸಬಳು.

ಈಗ ದರ ಏರಿದೆ. 2022ರಲ್ಲಿ 10,000 ಆಯಿತು. 2025ರ ಬಜೆಟ್‌ನಲ್ಲಿ ಇನ್ನೂ 2,000 ಸೇರಿ ಪ್ರಾಥಮಿಕಕ್ಕೆ 12,000, ಹೈಸ್ಕೂಲಿಗೆ 12,500. ಒಳ್ಳೆಯದೇ. ಆದರೂ ಪಕ್ಕದ ಕುರ್ಚಿಯಲ್ಲಿ ಕೂತ ಕಾಯಂ ಶಿಕ್ಷಕರ ಪಗಾರದ ಮೂರರಲ್ಲಿ ಒಂದು ಪಾಲಿಗೂ ಇದು ಕಡಿಮೆ. ಕೋಣೆ ಅದೇ, ಪುಸ್ತಕ ಅದೇ, ಮಕ್ಕಳು ಅವೇ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ನಾನು ಮತ್ತೆ ಒಳಗೆ ಹೋಗಲಿಲ್ಲ. ಈಗ ಅಂಕೋಲೆಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಹನ್ನೆರಡು ತಿಂಗಳೂ ಪಗಾರ ಬರುತ್ತದೆ. ಆದರೆ ಬಸ್ಸಿನಲ್ಲಿ ಯಾರಾದರೂ "ಅಕ್ಕೋರೇ" ಅಂತ ಕರೆದರೆ ಈಗಲೂ ತಿರುಗಿ ನೋಡುತ್ತೇನೆ. ನಮ್ಮ ಕಡೆ ಟೀಚರ್ ಅನ್ನುವುದಕ್ಕಿಂತ ಅಕ್ಕೋರು ಅನ್ನುವುದೇ ಜಾಸ್ತಿ. ಒಮ್ಮೆ ಅಕ್ಕೋರು ಆದವಳು ಊರಿನವರ ಬಾಯಲ್ಲಿ ಸಾಯುವವರೆಗೂ ಅಕ್ಕೋರೇ. ಜೂನ್‌ನಲ್ಲಿ ಅರ್ಜಿ ಹಾಕಬೇಕಿಲ್ಲ.

*

ನಮ್ಮ ಮಾಸ್ತರು ಬಾಗಲಕೋಟೆ ಕಡೆಯವರು. ಶಾಲೆಗೆ ಮಂಜೂರಾದದ್ದು ಎರಡು ಹುದ್ದೆ. ಒಂದರಲ್ಲಿ ಅವರು, ಇನ್ನೊಂದು ಖಾಲಿ. ಆ ಖಾಲಿ ಜಾಗದಲ್ಲಿ ನಾನು. ಗಣಿತವನ್ನು ಅವರಷ್ಟು ಚೆಂದ ಕಲಿಸಿದವರನ್ನು ನಾನು ಕಂಡಿಲ್ಲ. ಆದರೆ ಮೊದಲ ಎರಡು ತಿಂಗಳು ಮಕ್ಕಳಿಗೆ ಅವರ ಮಾತೇ ತಲೆಗೆ ಹೋಗಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದರು, ಒಂದು ಚೀಲ ಜೋಳಕ್ಕೆ ಇಷ್ಟಾದರೆ ಎಂಟು ಚೀಲಕ್ಕೆ ಎಷ್ಟು? ಮಕ್ಕಳು ಬಾಯಿ ತೆರೆದು ಕೂರುತ್ತಿದ್ದವು. ನಮ್ಮಲ್ಲಿ ಜೋಳದ ಹೊಲ ನೋಡಿದ ಮಗು ಎಲ್ಲಿದೆ?

ಅಡುಗೆ ಕೋಣೆಯ ಕಿಟಕಿಯಿಂದ ಅಕ್ಕ ಇಣುಕಿ ಹೇಳಿದರು, "ಮಾಸ್ತರೆ, ಜೋಳ ಎಂತಕ್ಕೆ? ಶೆಟ್ಲಿ ಅನ್ನಿ."

ಶೆಟ್ಲಿ ಅಂದರೆ ಸಿಗಡಿ. ಮಾಸ್ತರು ಹುಟ್ಟಾ ಸಸ್ಯಾಹಾರಿ. ನಗುತ್ತಾ ಜೋಳ ಅಳಿಸಿ ಬರೆದರು. ಒಂದು ಪಾಲು ಶೆಟ್ಲಿಗೆ 50 ರೂಪಾಯಿ ಆದರೆ ಎಂಟು ಪಾಲಿಗೆ? ಬೋರ್ಡಿನಿಂದ ಕೈ ತೆಗೆಯುವ ಮೊದಲೇ ಉತ್ತರ ಬಂತು. ಹಿಂದಿನ ಸಾಲಿನ ಹುಡುಗನೊಬ್ಬ, "ಎಂಟು ಪಾಲು ತಕಂಡ್ರೆ ಕಮ್ಮಿ ಮಾಡ್ತ್ರು ಸಾರ್" ಅಂತ ಬೇರೆ ಸೇರಿಸಿದ.

ಆ ಮಾಸ್ತರು ನಾಲ್ಕನೇ ವರ್ಷ ವರ್ಗಾವಣೆ ಪಡೆದು ಊರಿಗೆ ಹೋದರು. ಅವರನ್ನು ಬೈಯುವ ಮನಸ್ಸು ನನಗಿಲ್ಲ. ತಾಯಿ ಊರಿನಲ್ಲಿ ಒಬ್ಬರೇ ಇದ್ದರು. ನಮ್ಮ ಮಳೆ ಅವರ ಎದೆಗೆ ಆಗಿಬರಲಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಹತ್ತಿರ ಸುರಿಯುವ ಜಾಗದಲ್ಲಿ ಬಯಲುಸೀಮೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣ ಬಟ್ಟೆ ಹಾಕುವುದೇ ಒಂದು ಸಾಹಸ. ವರ್ಗಾವಣೆಯ ಕಾನೂನಿನಲ್ಲಿ ಶಾಲೆಗಳನ್ನು ಎ, ಬಿ, ಸಿ ವಲಯ ಅಂತ ಹಂಚಿದ್ದಾರೆ. ಪೇಟೆ ಎ, ಮೂಲೆಯ ಹಳ್ಳಿ ಸಿ. ನಮ್ಮ ಜಿಲ್ಲೆಯ ನಕ್ಷೆ ಬಿಡಿಸಿದರೆ ಕಾಡೇ ಜಾಸ್ತಿ. ಜೋಯಿಡಾದಂಥ ತಾಲ್ಲೂಕಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳುವುದಿಲ್ಲ. ಅಲ್ಲಿಗೆ ಬಂದವರು ಬಂದ ದಿನದಿಂದಲೇ ಹೋಗುವ ವರ್ಷ ಎಣಿಸುತ್ತಾರೆ. ಮಕ್ಕಳಿಗೂ ಇದು ಗೊತ್ತು. ಹೊಸ ಮಾಸ್ತರು ಬಂದರೆ ಮಕ್ಕಳು ಕೇಳುವ ಮೊದಲ ಪ್ರಶ್ನೆ, "ಸಾರ್, ನೀವು ಎಷ್ಟು ದಿನ ಇರ್ತ್ರಿ?"

ಇಲ್ಲೇ ಹುಟ್ಟಿದವರು ಹೋಗುವುದಿಲ್ಲ. ಅದು ತ್ಯಾಗ ಅಲ್ಲ, ಅವರ ಮನೆ ಇಲ್ಲೇ ಇದೆ, ಅಷ್ಟೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅಂಕೋಲೆಗೂ ಕುಮಟೆಗೂ ನಡುವಿನ ದಾರಿಯೇ ಕಡಿದುಹೋಯಿತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆ ಕಾಳಿ ಸೇತುವೆ ಬಿತ್ತು. ಆ ಮಳೆಗಾಲದಲ್ಲಿ ಶಾಲೆ ಮುಟ್ಟಲು ರಸ್ತೆ, ಸೇತುವೆ, ಬಸ್ಸು ಯಾವುದೂ ಬೇಡವಾಗಿದ್ದದ್ದು ಅಡುಗೆಯವರಿಗೆ, ಅಂಗನವಾಡಿಯವರಿಗೆ ಮತ್ತು ಅಲ್ಲೊಬ್ಬ ಇಲ್ಲೊಬ್ಬ ಊರಿನ ಅತಿಥಿ ಶಿಕ್ಷಕರಿಗೆ. ಅಂದರೆ ಯಾರ ಕೆಲಸಕ್ಕೆ ಕಾಯಂ ಅನ್ನುವ ಮಾತೇ ಇಲ್ಲವೋ, ಅವರೇ ಕಾಯಂ ಆಗಿ ಇರುವವರು.

*

ಶಿಕ್ಷಕರ ಕೊರತೆಯ ಬಗ್ಗೆ ಮಾತು ಬಂದಾಗಲೆಲ್ಲ ನಾವು ನೇಮಕಾತಿ ಯಾವಾಗ ಅಂತ ಕೇಳುತ್ತೇವೆ. ನೇಮಕಾತಿ ಭತ್ತದ ನೆಟ್ಟಿ ಇದ್ದ ಹಾಗೆ. ಅದಕ್ಕೆ ಮೊದಲು ಅಗೆ ಹಾಕಿರಬೇಕಲ್ಲ? ನಮ್ಮಲ್ಲಿ ಅಗೆ ಮಡಿಯೇ ಒಣಗುತ್ತಿದೆ.

2022ರಲ್ಲಿ ಆರರಿಂದ ಎಂಟನೇ ತರಗತಿಗೆ ಪದವೀಧರ ಶಿಕ್ಷಕರ 15,000 ಹುದ್ದೆ ಕರೆದರು. ಪರೀಕ್ಷೆ ಮುಗಿದು ಆಯ್ಕೆ ಪಟ್ಟಿಗೆ ಬಂದವರು 13 ಸಾವಿರ ಚಿಲ್ಲರೆ. ಹುದ್ದೆ ಇದ್ದರೂ ತುಂಬಲು ಜನ ಸಾಲಲಿಲ್ಲ. ಆಮೇಲೆ ಮದುವೆಯಾದ ಹೆಣ್ಣುಮಕ್ಕಳ ಜಾತಿ ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲಿರಬೇಕೋ ಗಂಡನ ಹೆಸರಲ್ಲಿರಬೇಕೋ ಅಂತ ಶುರುವಾಯಿತು. ಹೈಕೋರ್ಟು ಮುಟ್ಟಿತು. ಕೊನೆಗೆ ಆದೇಶ ಕೈಗೆ ಬಂದಾಗ 2023ರ ಅಕ್ಟೋಬರ್. ಪರೀಕ್ಷೆ ಬರೆದದ್ದು 2022ರ ಮೇ ತಿಂಗಳಲ್ಲಿ. ನನ್ನ ಗೆಳತಿಯೊಬ್ಬಳು ಆ ಪಟ್ಟಿಯಲ್ಲಿದ್ದಳು. ಆ ಒಂದೂವರೆ ವರ್ಷ ಅವಳು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿದಳು.

ಅದಕ್ಕೂ ಮೊದಲು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಇದೆ. 150 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದರಿಂದ ಐದನೇ ತರಗತಿಗೆ ಬಿ.ಇಡಿ. ನಡೆಯುವುದಿಲ್ಲ, ಡಿ.ಇಡಿ., ಅಂದರೆ ಪ್ರಾಥಮಿಕ ಶಿಕ್ಷಕರ ತರಬೇತಿ, ಕಲಿತವರೇ ಬೇಕು ಅಂತ ಹೇಳಿತು. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ, ನಾನು ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ಮಕ್ಕಳು ಸೇರದೆ ಎಷ್ಟೋ ಡಿ.ಇಡಿ. ಕಾಲೇಜುಗಳು ಬಾಗಿಲು ಹಾಕಿಕೊಂಡಿದ್ದವು. 2025ರ ಸೆಪ್ಟೆಂಬರ್ 1ರಂದು ಇನ್ನೊಂದು ತೀರ್ಪು ಬಂತು. ಕೆಲಸದಲ್ಲಿದ್ದವರೂ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಬಾಗಲಕೋಟೆಯ ಮಾಸ್ತರು ಮೆಸೇಜ್ ಮಾಡಿದ್ದರು, "ಅಕ್ಕೋರೆ, ಮತ್ತ ಹುಡುಗ ಆಗೀನಿ, ರಾತ್ರಿ ಕೂತು ಓದಾಕ ಹತ್ತೀನಿ."

ಕಳೆದ ವರ್ಷ ನಮ್ಮ ಸಂಘದ ಉಳಿತಾಯ ಖಾತೆ ಬಗ್ಗೆ ಹೇಳಲು ಒಂದು ಪಿಯು ಕಾಲೇಜಿಗೆ ಹೋಗಿದ್ದೆ. ಹಳೆ ಚಟ, ಬಿಡಲಾಗಲಿಲ್ಲ. ನಿಮ್ಮಲ್ಲಿ ಯಾರು ಮಾಸ್ತರು, ಅಕ್ಕೋರು ಆಗುತ್ತೀರಿ ಅಂತ ಕೇಳಿದೆ. ಅರವತ್ತರಲ್ಲಿ ಎರಡು ಕೈ ಎದ್ದವು. ಪಕ್ಕದವಳು ನಕ್ಕಳು ಅಂತ ಒಂದು ಕೈ ಕೆಳಗಿಳಿಯಿತು. ಆ ನಗುವ ಹುಡುಗಿ ದಡ್ಡಿಯಲ್ಲ. ಅವಳ ಅಕ್ಕ ಅತಿಥಿ ಶಿಕ್ಷಕಿ ಅಂತ ಆಮೇಲೆ ಗೊತ್ತಾಯಿತು.

*

ನನ್ನ ಅಜ್ಜ ಮಾಸ್ತರಾದದ್ದು ಹೇಗೆ ಅಂತ ಹೇಳುತ್ತೇನೆ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಮದ್ರಾಸಿನಿಂದ ಅತ್ತ ಹೋದದ್ದು, 1956ರವರೆಗೆ ಅಲ್ಲೇ. ಏಳನೇ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆ ಸಿಗುತ್ತಿತ್ತು. ಅಜ್ಜನಿಗೆ ಮೀಸೆ ಬರುವ ಮೊದಲೇ ಯಲ್ಲಾಪುರ ಕಡೆಯ ಒಂದು ಹಳ್ಳಿಯಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷ ಕಲಿಸಿದ ಮೇಲೆ ಟ್ರೇನಿಂಗ್‌ಗೆ ಅಂತ ಧಾರವಾಡಕ್ಕೆ ಕಳಿಸಿದರು. ಮುಗಿಸಿ ಬಂದು ಮತ್ತೆ ಶಾಲೆ. ಧಾರವಾಡದ ಕತೆ ಹೇಳುವಾಗ ಅಜ್ಜ ಯಾವತ್ತೂ ಮರೆಯದ ಮಾತು ಒಂದೇ, "ಓದ್ತಾ ಇದ್ದಾಗ್ಲೂ ಪಗಾರ ಬರ್ತಿತ್ತು."

ಆಮೇಲಿನ ತಲೆಮಾರಿಗೆ ಹೈಸ್ಕೂಲುಗಳು ಬಂದವು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಈ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು. ನನ್ನ ಸೋದರಮಾವ ಅಂಥ ಒಂದು ಹೈಸ್ಕೂಲಿನಲ್ಲಿ ಓದಿ, ಟಿಸಿಎಚ್ ಅನ್ನುವ ಶಿಕ್ಷಕರ ತರಬೇತಿ ಮಾಡಿ, ಮಾಸ್ತರಾದರು. ಅವರ ಕ್ಲಾಸಿನಲ್ಲಿ ಜಾಣರಾದವರು ಮಾಸ್ತರಾಗುತ್ತಿದ್ದರಂತೆ, ಉಳಿದವರು ಮುಂಬಯಿಗೆ ಹೋಗುತ್ತಿದ್ದರಂತೆ. ಈಗ ಎಲ್ಲರೂ ಬೆಂಗಳೂರಿಗೆ, ಇಲ್ಲವೇ ಗೋವಾಕ್ಕೆ.

ಅಜ್ಜನ ಕಾಲವನ್ನು ಹಾಡಿ ಹೊಗಳುವುದು ನನ್ನ ಉದ್ದೇಶ ಅಲ್ಲ. ಅವರು ಬೆತ್ತ ಮುರಿಯುವಷ್ಟು ಹೊಡೆಯುತ್ತಿದ್ದರು, ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂರುತ್ತಿರಲಿಲ್ಲ. ನಾನು ಹಿಡಿದುಕೊಂಡದ್ದು ಒಂದೇ ಎಳೆ. ಊರಿನ ಹುಡುಗನನ್ನು ಮೊದಲು ಕೆಲಸಕ್ಕೆ ತೆಗೆದುಕೊಂಡರು, ಆಮೇಲೆ ಪಗಾರ ಕೊಟ್ಟು ಕಲಿಸಿದರು. ಏಣಿಯ ಮೆಟ್ಟಿಲುಗಳ ನಡುವೆ ಮನುಷ್ಯ ಕಾಲಿಡುವಷ್ಟೇ ಅಂತರ ಇತ್ತು. ಈಗ ಅತಿಥಿ ಶಿಕ್ಷಕಿಗೂ ಕಾಯಂ ಶಿಕ್ಷಕಿಗೂ ನಡುವೆ ಮೆಟ್ಟಿಲೇ ಇಲ್ಲ.

ಅಡುಗೆಯವರಿಗೆ ಏಣಿಯೇ ಇಲ್ಲ.

*

ಬಿಸಿಯೂಟದ ಅಡುಗೆ ಅಂದರೆ ಅನ್ನ ಸಾರು ಅಷ್ಟೇ ಅಂದುಕೊಂಡವರು ಒಂದು ದಿನ ಹೋಗಿ ನಿಂತು ನೋಡಬೇಕು. ಬೆಳಿಗ್ಗೆ ಹಾಲಿನ ಪುಡಿ ಕಲಸಿ ಗಂಟಾಗದಂತೆ ಕಾಯಿಸಬೇಕು, ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿ ಹಾಲು. ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್. ಆಮೇಲೆ ಅಕ್ಕಿ ಆರಿಸುವುದು, ಒಂದರಿಂದ ಐದರ ಮಗುವಿಗೆ 100 ಗ್ರಾಂ ಲೆಕ್ಕದಲ್ಲಿ ಅಳೆಯುವುದು. ಮೊಟ್ಟೆ ಬೇಯಿಸಿ ಸುಲಿಯುವುದು. ಬೇಡ ಅಂದವರಿಗೆ ಬಾಳೆಹಣ್ಣು. ಮಧ್ಯೆ ನಮ್ಮ ಮಕ್ಕಳ ತಕರಾರು ಬೇರೆ. ಮನೆಯಲ್ಲಿ ಕುಚ್ಚಲಕ್ಕಿ ತಿನ್ನುವ ಮಕ್ಕಳಿಗೆ ಶಾಲೆಯ ಬಿಳಿ ಅನ್ನ "ಹೊಟ್ಟೆಲಿ ನಿಲ್ಲುದಿಲ್ಲ". ಊಟ ಆದ ಮೇಲೆ ಪಾತ್ರೆ. ಪ್ರಾಥಮಿಕ ಶಾಲೆಗೆ ಜವಾನರ ಹುದ್ದೆ ಇಲ್ಲದಿರುವುದರಿಂದ ಅಂಗಳ ಗುಡಿಸುವುದೂ ಒಂದೊಂದು ಕಡೆ ಇವರ ಪಾಲಿಗೇ ಬರುತ್ತದೆ.

ಇದಕ್ಕೆ 2025ರ ಬಜೆಟ್‌ನಲ್ಲಿ ಸಾವಿರ ಏರಿದ ಮೇಲೆ ಮುಖ್ಯ ಅಡುಗೆಯವರಿಗೆ 4,700, ಸಹಾಯಕರಿಗೆ 4,600. ಕೇಂದ್ರದ ಲೆಕ್ಕದಲ್ಲಿ ಈ ಗೌರವಧನ 2009ರಿಂದ ತಿಂಗಳಿಗೆ 1,000ದಲ್ಲೇ ನಿಂತಿದೆ, ಮೇಲಿನದ್ದು ರಾಜ್ಯ ಹಾಕಿದ್ದು. 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು ಅಂತ ನಿಯಮ. ನಾನಿದ್ದ ಶಾಲೆಯಲ್ಲಿ ಒಂದು ವರ್ಷ ಮಕ್ಕಳು 27ರಿಂದ 24ಕ್ಕೆ ಇಳಿದವು. ಎರಡು ಮನೆಯವರು ಪೇಟೆಗೆ ಹೋದರು, ಅಷ್ಟೇ. ಒಬ್ಬ ಸಹಾಯಕಿಯ ಕೆಲಸ ಹೋಯಿತು. ಪಾತ್ರೆ ಮಾತ್ರ ಸಣ್ಣದಾಗಲಿಲ್ಲ.

ಪಕ್ಕದ ಅಂಗನವಾಡಿ ನೋಡಿ. ಅಲ್ಲೂ ಗೌರವಧನವೇ, ಅಲ್ಲೂ ಕಷ್ಟವೇ. ಆದರೂ ಸಹಾಯಕಿಯಾಗಿ ಸೇರಿದವರು ಓದಿಕೊಂಡರೆ ಕಾರ್ಯಕರ್ತೆ ಆಗಬಹುದು, ಕಾರ್ಯಕರ್ತೆ ಮೇಲ್ವಿಚಾರಕಿ ಆಗಬಹುದು. ಏಣಿ ಅಲುಗಾಡುತ್ತದೆ, ಆದರೆ ಇದೆ. ಶಾಲೆಯ ಅಡುಗೆ ಕೋಣೆಗೆ ಸೇರಿದವಳು ಇಪ್ಪತ್ತು ವರ್ಷ ಸೌಟು ಹಿಡಿದು, 60 ತುಂಬಿದ ದಿನ ಸೌಟು ಇಟ್ಟು ಹೋಗುತ್ತಾಳೆ. ಅವಳು ಪಿಯುಸಿ ಓದಿದ್ದರೂ ಅಷ್ಟೇ, ಓದದಿದ್ದರೂ ಅಷ್ಟೇ.

ಇನ್ನೊಂದು ಮಾತು. ಪ್ರಾಥಮಿಕ ಶಾಲೆಯಲ್ಲಿ ಗುಮಾಸ್ತರಿಲ್ಲ. ಹಾಲಿನ ಪುಡಿ ಲೆಕ್ಕ, ಮೊಟ್ಟೆ ಲೆಕ್ಕ, ಮಕ್ಕಳ, ಶಾಲೆಯ ಮಾಹಿತಿಯನ್ನು ಸ್ಯಾಟ್ಸ್, ಯುಡೈಸ್ ಅನ್ನುವ ಜಾಲತಾಣಗಳಿಗೆ ತುಂಬುವುದು, ವಿದ್ಯಾರ್ಥಿವೇತನ, ಎಲ್ಲ ಮಾಸ್ತರ ತಲೆಗೇ. ನಮ್ಮ ಮಾಸ್ತರು ನೆಟ್‌ವರ್ಕ್ ಹುಡುಕಿಕೊಂಡು ವಾರಕ್ಕೆ ಒಂದು ಮಧ್ಯಾಹ್ನವಾದರೂ ಅಂಕೋಲೆಗೆ ಹೋಗುತ್ತಿದ್ದರು. ಆಗ ಒಂದರಿಂದ ಐದು, ಎಲ್ಲವೂ ನನ್ನ ಮುಂದೆ. ಒಂದರಿಂದ ಮೂರಕ್ಕೆ ನಲಿಕಲಿ ಇತ್ತು, ಮಕ್ಕಳು ಕಾರ್ಡು ಹಿಡಿದು ತಾವೇ ಕಲಿಯುವ ಪದ್ಧತಿ, ಬಚಾವ್. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರು ಮಾಡಿದ ಆ ಕಾರ್ಡು, ಏಣಿ, ತಟ್ಟೆ ಇಲ್ಲದಿದ್ದರೆ ನಾನು ಮೊದಲ ವರ್ಷವೇ ಓಡಿಹೋಗುತ್ತಿದ್ದೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತಿದೆ. ಆದರೆ 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆ ಮನೆ ತಿರುಗಿದರು, ಶಾಲೆಯ ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ಸಮೀಕ್ಷೆ ಬೇಕೋ ಬೇಡವೋ, ಅದು ಬೇರೆ ಚರ್ಚೆ. ಒಂದು ಕ್ಲಸ್ಟರಿನ ಹತ್ತು ಹನ್ನೆರಡು ಶಾಲೆಗೆ ಸೇರಿ ಕಂಪ್ಯೂಟರ್ ಬರುವ ಒಬ್ಬ ಊರಿನ ಹುಡುಗಿ ಲೆಕ್ಕ ಬರೆಯಲು ಇದ್ದರೆ? ಹತ್ತು ಮಾಸ್ತರರ ಹತ್ತು ಮಧ್ಯಾಹ್ನ ಮಕ್ಕಳಿಗೆ ವಾಪಸ್ ಸಿಗುತ್ತದೆ. ಹೊಸ ಮಾಸ್ತರರನ್ನು ಹುಡುಕುವುದಕ್ಕಿಂತ ಇದು ಅಗ್ಗ ಅಲ್ವಾ?

*

ಊರಿನವರನ್ನೇ ಶಿಕ್ಷಕರನ್ನಾಗಿ ಬೆಳೆಸುವುದು ನಾನು ಕಂಡುಹಿಡಿದ ಉಪಾಯ ಅಲ್ಲ. ರಾಜಸ್ಥಾನದಲ್ಲಿ 1987ರಲ್ಲಿ ಸ್ವೀಡನ್ ದೇಶದ ನೆರವಿನಲ್ಲಿ ಶಿಕ್ಷಾಕರ್ಮಿ ಅಂತ ಯೋಜನೆ ಬಂತು. ಶಿಕ್ಷಕರು ಹೋಗದ ಮೂಲೆಯ ಹಳ್ಳಿಗಳಲ್ಲಿ ಅದೇ ಊರಿನ ಯುವಕ ಯುವತಿಯರಿಗೆ ಮತ್ತೆ ಮತ್ತೆ ತರಬೇತಿ ಕೊಟ್ಟು ಶಾಲೆ ನಡೆಸಿದರು. ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 2022ರಿಂದ ಶಾಲೆಯಲ್ಲಿ ಸಹಾಯಕರಾಗಿರುವವರು ಪಗಾರ ಪಡೆಯುತ್ತಲೇ ಓದಿ ಶಿಕ್ಷಕರಾಗುವ ದಾರಿಗೆ ಸರ್ಕಾರವೇ ಮುದ್ರೆ ಒತ್ತಿದೆ. ಅಷ್ಟು ದೂರ ಯಾಕೆ? ನಮ್ಮ ದೇಶದಲ್ಲೇ 2017ರಲ್ಲಿ, ತರಬೇತಿ ಇಲ್ಲದೆ ಕಲಿಸುತ್ತಿದ್ದವರೆಲ್ಲ 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಬೇಕು ಅಂತ ಕಾಯ್ದೆ ತಿದ್ದಿ, ರಾಷ್ಟ್ರೀಯ ಮುಕ್ತ ಶಾಲೆಯಿಂದ ಡಿ.ಎಲ್.ಇಡಿ. (ಡಿ.ಇಡಿ.ಯ ಹೊಸ ಹೆಸರು) ಓದಿಸಿದರು. ಲಕ್ಷಗಟ್ಟಲೆ ಜನ ಕೆಲಸ ಬಿಡದೆ ಓದಿದರು. ಅಂದರೆ ಮನಸ್ಸು ಮಾಡಿದರೆ ದಾರಿ ಸಿಗುತ್ತದೆ.

ಇಷ್ಟು ಬರೆದ ಮೇಲೆ ನನಗೇ ಒಂದು ಭಯ. ಊರಿನವರು ಸಾಕು ಅನ್ನುವುದು ಬಹಳ ಸುಲಭವಾಗಿ ಅಗ್ಗದವರು ಸಾಕು ಅಂತ ಆಗುತ್ತದೆ. ಪೇಟೆಯ ಮಕ್ಕಳಿಗೆ ಕಲಿತ ಶಿಕ್ಷಕರು, ಕಾಡಿನ ಮಕ್ಕಳಿಗೆ ಪಕ್ಕದ ಮನೆಯ ಅಕ್ಕ. ಇದನ್ನು ನಾನು ಒಪ್ಪುವುದಿಲ್ಲ. ನಾನೇ ಮೊದಲ ವರ್ಷ ಮಾಡಿದ ತಪ್ಪುಗಳು ನನಗೆ ನೆನಪಿವೆ. ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದನ್ನು ಹೇಗೆ ತೋರಿಸಬೇಕು ಅಂತ ಗೊತ್ತಿಲ್ಲದೆ "ಪಕ್ಕದ ಮನೆಯಿಂದ ಸಾಲ ತರೋದು" ಅಂತ ಹೇಳಿದ್ದೆ. ಒಬ್ಬ ಹುಡುಗ, "ಮತ್ತೆ ತಿರುಗಿ ಕೊಡುದು ಯಾವಾಗ?" ಅಂತ ಕೇಳಿದ. ಉತ್ತರ ಇರಲಿಲ್ಲ. ತರಬೇತಿ ಬೇಕು. ಪರೀಕ್ಷೆಯೂ ಬೇಕು.

ಊರಿನವರು ಅಂದ ಕೂಡಲೇ ಒಳ್ಳೆಯವರು ಅಂತಲೂ ಅಲ್ಲ. ಆಯ್ಕೆಯಲ್ಲಿ ಊರಿನ ರಾಜಕೀಯ, ಜಾತಿ, ಯಾರ ಸೊಸೆ ಯಾರ ಮಗಳು ಎಲ್ಲ ಬರುತ್ತದೆ. ಶಾಲೆಯ ಪಕ್ಕದಲ್ಲೇ ಮನೆ ಇದ್ದವರು ತೋಟಕ್ಕೆ ನೀರು ಬಿಟ್ಟು ಹತ್ತೂವರೆಗೆ ಬಂದದ್ದನ್ನೂ ನೋಡಿದ್ದೇನೆ. ಹೊರಗಿನಿಂದ ಬಂದವರು ಬೇಕೇ ಬೇಕು. ಬಾಗಲಕೋಟೆಯ ಮಾಸ್ತರು ಬರದಿದ್ದರೆ ನಮ್ಮ ಮಕ್ಕಳಿಗೆ ಗುಣಾಕಾರ ಅಷ್ಟು ಸಲೀಸಾಗುತ್ತಿರಲಿಲ್ಲ. ಆದರೆ ಆ ಕಿಟಕಿಯಿಂದ ಶೆಟ್ಲಿ ಅನ್ನಿ ಅಂತ ಹೇಳುವವರು ಇರದಿದ್ದರೆ ಮಾಸ್ತರ ಗಣಿತವೂ ಬೋರ್ಡಿನ ಮೇಲೇ ಉಳಿಯುತ್ತಿತ್ತು.

ನನಗೆ ಬೇಕಾದದ್ದು ದೊಡ್ಡದೇನಲ್ಲ. ಅತಿಥಿ ಶಿಕ್ಷಕಿಗೆ ಹನ್ನೆರಡು ತಿಂಗಳ ದುಡ್ಡು. ಬೇಸಿಗೆಯ ಎರಡು ತಿಂಗಳು ಅವಳನ್ನು ಮನೆಗೆ ಕಳಿಸುವ ಬದಲು ತರಬೇತಿಗೆ ಕಳಿಸಿ. ಅವಳು ಕಲಿಸಿದ ವರ್ಷಗಳಿಗೆ ನೇಮಕಾತಿಯಲ್ಲಿ ಒಂದಿಷ್ಟು ಅಂಕ ಇರಲಿ. ಅಡುಗೆ ಕೋಣೆಯಲ್ಲಿ ಓದಿದವರು ಇದ್ದರೆ ಅವರಿಗೆ ಲೆಕ್ಕ ಬರೆಯುವ ಕೆಲಸಕ್ಕೋ ಡಿ.ಇಡಿ.ಗೋ ಹೋಗುವ ದಾರಿ ಇರಲಿ. ಬಸ್ಸಿನ ಕತೆ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾಯಿತು. ನಾನು 7,500ರಲ್ಲಿ ಸಾವಿರದ ಮೇಲೆ ಬಸ್ಸಿಗೇ ಕೊಡುತ್ತಿದ್ದೆ. ಈಗ ನನ್ನ ನಂತರದ ಹುಡುಗಿಯರು ಆ ದುಡ್ಡು ಉಳಿಸುತ್ತಾರೆ, ದೂರದ ಶಾಲೆ ಸಿಕ್ಕಿದರೂ ಬೇಡ ಅನ್ನುವುದಿಲ್ಲ. ಅತಿಥಿ ಶಿಕ್ಷಕರಿಗಾಗಿ ಯಾರೂ ಆ ಯೋಜನೆ ಮಾಡಿದ್ದಲ್ಲ. ಹಾಗೇ ಸುಮ್ನೆ ಒಂದು ಅಡ್ಡಿ ಸರಿಯಿತು, ನಾಲ್ಕು ಜನ ಮುಂದೆ ಬಂದರು.

ಇದನ್ನೆಲ್ಲ ಒಮ್ಮೆ ಅಡುಗೆ ಅಕ್ಕನಿಗೆ ಹೇಳಿದೆ. ನೀವು ಓದಿದ್ದರೆ ಅಕ್ಕೋರು ಆಗುತ್ತಿದ್ದಿರಿ ಅಂದೆ. ಅವರು ಮೊಟ್ಟೆ ಸುಲಿಯುತ್ತಾ, "ನಂಗೆ ಅಕ್ಕೋರಾಗೂದೆಲ್ಲ ಬೇಡ. ತಿಂಗ್ಳಿಗೆ ಸರಿಯಾಗಿ ದುಡ್ಡು ಬಂದ್ರೆ ಸಾಕು," ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೊಸೆಗೆ ಕೇಳಿ," ಅಂದರು.

*

ಸೊಸೆ ಹಲವು ದಿನದಿಂದ ಅಡುಗೆ ಕೋಣೆಯಲ್ಲಿದ್ದಾಳೆ. ಲೆಕ್ಕಕ್ಕೆ ಇಲ್ಲದ ಸಹಾಯಕಿ. 24 ಮಕ್ಕಳ ಶಾಲೆಗೆ ಎರಡನೆಯವರು ಇಲ್ಲ, ಅತ್ತೆಗೆ ಮಂಡಿ ನೋವು, ಹಾಗಾಗಿ ಬಂದು ತರಕಾರಿ ಹೆಚ್ಚುತ್ತಾಳೆ, ಪಾತ್ರೆ ತೊಳೆಯುತ್ತಾಳೆ. ಪಿಯುಸಿಯಲ್ಲಿ ಶೇ 58. ಡಿ.ಎಲ್.ಇಡಿ.ಗೆ ಸಾಮಾನ್ಯ ವರ್ಗದವರಿಗೂ 50 ಸಾಕು. ಹಾಲು ಕುದಿಯುವಷ್ಟರಲ್ಲಿ ನಲಿಕಲಿ ಕಾರ್ಡು ಹಿಡಿದು ಒಂದನೇ ತರಗತಿಯ ಮಕ್ಕಳ ಹತ್ತಿರ ಕೂರುತ್ತಾಳೆ. ಈಗಿರುವ ಅತಿಥಿ ಶಿಕ್ಷಕಿ ನನಗೆ ಹೇಳಿದ್ದು, "ಅವಳು ಕೂತ್ರೆ ಮಕ್ಕಳು ನನ್ನ ಹತ್ರ ಬರುದೇ ಇಲ್ಲ."

ಹೋದ ಭಾನುವಾರ ನಾನು ಆ ಊರಿಗೆ ಹೋಗಿದ್ದೆ. ಶಾಲೆಯ ಹಿಂದಿನ ಗುಡ್ಡದಲ್ಲಿ, ಒಂದು ಗೇರು ಮರದ ಕೆಳಗೆ, ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ. ಅತ್ತೆ, ಸೊಸೆ, ನಾನು ಮೂವರೂ ಅಲ್ಲಿ ಕೂತೆವು. ನನ್ನ ಮೊಬೈಲ್‌ನಲ್ಲಿ ಡಿ.ಎಲ್.ಇಡಿ. ಅರ್ಜಿ ತೆರೆದೆವು. ಹೆಸರು, ಹುಟ್ಟಿದ ದಿನ, ಅಂಕ. ಯಾವ ಕಾಲೇಜು ಅಂತ ಬಂದಾಗ ಅವಳು ಕುಮಟೆಯ ಡಯಟ್ ಅಂದಳು, ಸರ್ಕಾರದ ಶಿಕ್ಷಕರ ತರಬೇತಿ ಸಂಸ್ಥೆ. ಮೊದಲೇ ವಿಚಾರಿಸಿಟ್ಟುಕೊಂಡಿದ್ದಳು. ಬೆಳಿಗ್ಗೆ ಆರೂವರೆ ಬಸ್ಸು ಹಿಡಿದು ಅಂಕೋಲೆ, ಅಲ್ಲಿಂದ ಇನ್ನೊಂದು ಬಸ್ಸು. ಎರಡು ವರ್ಷ. ಮಗುವಿಗೆ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತದೆ. ಗಂಡ ಬೋಟಿಗೆ.

"ಅಡುಗೆಗೆ ಯಾರು?" ಅಂತ ನಾನು ಕೇಳಿದೆ.

"ನಾನಿಲ್ವಾ," ಅಂದರು ಅತ್ತೆ. ಅವರಿಗೆ ಬರುವ ಮಳೆಗಾಲ ಕಳೆದರೆ ಅರವತ್ತು. ಅದು ನಮ್ಮ ಮೂವರಿಗೂ ಗೊತ್ತಿತ್ತು. ಯಾರೂ ಹೇಳಲಿಲ್ಲ.

ಫೋಟೊ ಹಾಕುವ ಜಾಗಕ್ಕೆ ಬಂದಾಗ ಸುತ್ತುವ ಚಕ್ರ ನಿಂತೇಬಿಟ್ಟಿತು. ಎರಡು ಸಲ, ಮೂರು ಸಲ ನೋಡಿದೆವು. ಮರದ ಇನ್ನೊಂದು ಬದಿಗೆ ಹೋಗಿ ಕೈ ಎತ್ತಿ ನಿಂತೆ. ಆಗಲಿಲ್ಲ. ನಾಳೆ ಅಂಕೋಲೆಯಲ್ಲಿ ನನ್ನ ಆಫೀಸಿನಿಂದ ಹಾಕುತ್ತೇನೆ ಅಂದೆ. ಅವಳು ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ ಕೊಟ್ಟಳು. ಪಿಯುಸಿ ಹಾಲ್ ಟಿಕೆಟ್‌ಗೆ ತೆಗೆಸಿದ್ದು, ಎರಡು ಜಡೆ.

"ಇದು ನಡೀತದಾ ಅಕ್ಕೋರೆ?"

ಹೊಸದು ಬೇಕು ಅಂದೆ. ಮೋಡ ಕಟ್ಟುತ್ತಿತ್ತು. ಕೆಳಗೆ ಶಾಲೆಯ ಅಡುಗೆ ಕೋಣೆಯ ಕಿಟಕಿ ಗಾಳಿಗೆ ಬಡಿದುಕೊಳ್ಳುವುದು ಕೇಳಿಸಿತು. ಅತ್ತೆ ಮಂಡಿ ಹಿಡಿದುಕೊಂಡು ಏಳಲು ಹೊರಟರು. ಆಮೇಲೆ ಅಲ್ಲೇ ಕೂತು, ಸೆರಗಿನ ಗಂಟು ಬಿಚ್ಚಿ, ಕೀಲಿಕೈ ಸೊಸೆಗೆ ಕೊಟ್ಟರು. ಅವಳು ಗುಡ್ಡ ಇಳಿದು ಓಡಿದಳು.